ತುಂಬಿದ ಮಣ್ಣು

“ಗುದ್ದಲಿ ಕೆಳಗಿಡು ಅಂದೆ! ಕಿವಿಗೆ ಹತ್ತಿ ತುರುಕ್ಕೊಂಡಿದೀಯಾ?”

“ಕೂಗಾಡಬೇಡಿ ಭಾವ. ಎತ್ತರ ಇರೋ ಕಡೆ ಕೆತ್ತಬೇಕು, ತಗ್ಗಿರೋ ಕಡೆ ತುಂಬಬಾರದು. ಇದನ್ನ ನಂಗೆ ಹೇಳಿಕೊಟ್ಟೋರೇ ನೀವು.”

“ನಾನು ಹೇಳಿಕೊಟ್ಟಿದ್ದನ್ನ ನಂಗೇ ಒಪ್ಪಿಸ್ತೀಯೇನೋ? ವ್ಯಾನ್ ಓಡಿಸೋನು ವ್ಯಾನ್ ಓಡಿಸು. ಮಣ್ಣಿನ ವಿಚಾರ ನಂಗೆ ಬಿಡು.”

“ಈ ಕೊಳ ತಂದೋನು ನಾನು!”

“ತಂದಿದ್ದಾಯ್ತಲ್ಲ, ಇನ್ನು ಜಾಗ ಖಾಲಿ ಮಾಡು!”

ಎತ್ತಿದ ಗುದ್ದಲಿ ಭಾವಮೈದನ ಹೆಗಲ ಮೇಲೆ ಹಾಗೇ ನಿಂತಿತ್ತು. ಮೇಸ್ತ್ರಿ ನೋಡುತ್ತಿದ್ದದ್ದು ಗುದ್ದಲಿಯನ್ನಲ್ಲ, ಅದು ಬೀಳಲಿದ್ದ ಜಾಗವನ್ನು. ಹಿತ್ತಿಲ ಗೋಡೆಯಿಂದ ಮೂರು ಹೆಜ್ಜೆ, ಬಟ್ಟೆ ಒಣಗಿಸುವ ಕಂಬದಿಂದ ಎರಡು. ಅಲ್ಲಿ ಹುಲ್ಲು ಸುತ್ತಲಿನ ಹುಲ್ಲಿಗಿಂತ ಎಳೆಯದಾಗಿ ಬೆಳೆದಿತ್ತು. ನಾಲ್ಕು ತಿಂಗಳಿಂದ ಯಾರ ಕಣ್ಣಿಗೂ ಬೀಳದ ಆ ಹುಲ್ಲು ಈಗ ಅವನಿಗೆ ಹಣೆಯ ಮೇಲಿನ ಗಾಯದ ಹಾಗೆ ಎದ್ದು ಕಾಣುತ್ತಿತ್ತು. ಭಾವಮೈದ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಐದು ಹೆಜ್ಜೆ ಅಗಲದ ದುಂಡನೆಯ ಕೊಳ, ಕಬ್ಬಿಣದ ಕಾಲುಗಳ ಮೇಲೆ ನೀಲಿ ಹಾಳೆ ಬಿಗಿದು ನೆಲದ ಮೇಲೆಯೇ ಕೂರಿಸುವಂಥದ್ದು, ಸೊಂಟದೆತ್ತರ ನೀರು ನಿಲ್ಲಬೇಕು. ಹಿತ್ತಿಲು ಈ ತುದಿಯಿಂದ ಆ ತುದಿಗೆ ಒಂದು ಗೇಣು ಇಳಿಜಾರು. ಎತ್ತರದ ಕಡೆ ಒಂದು ಗೇಣು ಕೆತ್ತಿ ತೆಗೆದರೆ ಕೆಳಗೆ ಸಿಗುವುದು ಹುಟ್ಟಿದಾಗಿನಿಂದ ಅಲ್ಲೇ ಇದ್ದ ಗಟ್ಟಿ ನೆಲ. ತಗ್ಗಿನ ಕಡೆ ತುಂಬಿದರೆ ಅದು ನಿನ್ನೆ ಬಂದ ನೆಂಟ, ಭಾರ ಬಿದ್ದ ಕೂಡಲೇ ಜಾಗ ಬಿಡುತ್ತದೆ. ತುಂಬಿದ ಮಣ್ಣನ್ನು ನಂಬಬೇಡ ಎಂದು ಮೂವತ್ತು ವರ್ಷ ಕೈಕೆಳಗಿನವರಿಗೆಲ್ಲ ಬೈದು ಬೈದು ಕಲಿಸಿದವನು ಅವನೇ. ಈಗ ತನ್ನ ಹಿತ್ತಿಲಿನಲ್ಲಿ, ಸ್ವಂತ ಹೆಂಡತಿಯ ತಮ್ಮನ ಮುಂದೆ, ಕತ್ತಿನ ನರ ಉಬ್ಬಿಸಿಕೊಂಡು ಅದರ ತದ್ವಿರುದ್ಧ ವಾದಿಸುತ್ತಿದ್ದ.

“ಏನ್ರೀ ಅದು?” ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ದನಿ ಬಂತು. “ಇನ್ನೂ ಸ್ವಲ್ಪ ಜೋರಾಗಿ ಕಿತ್ತಾಡಿ, ಅಕ್ಕಪಕ್ಕದೋರು ಟಿಕೆಟ್ ತಗೊಂಡು ಬರ್ತಾರೆ.”

“ಅಕ್ಕಾ, ನೀನೇ ಹೇಳು ಭಾವಂಗೆ. ತುಂಬಿ ಮಟ್ಟ ಮಾಡ್ತಾರಂತೆ!”

“ಅವರಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ಗೋಡೆನಾದ್ರೂ ಅವರು ಕಟ್ಟಿರೋದು, ನೆಟ್ಟಗಿರುತ್ತೆ.”

ಭಾವಮೈದ ನಕ್ಕುಬಿಟ್ಟ. ಮೇಸ್ತ್ರಿಗೂ ನಗು ಬರಬೇಕಿತ್ತು; ಬರಲಿಲ್ಲ. ಕಿಟಕಿಯ ಸರಳುಗಳ ಹಿಂದೆ ಅವಳ ಮುಖ ಅರ್ಧ ಕಾಣುತ್ತಿತ್ತು. ನಾಲ್ಕು ತಿಂಗಳಿಂದ ಆ ಮುಖ ಆ ಕಿಟಕಿಯಲ್ಲೇ ಇತ್ತು. ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿ ಬಂದ ಮೇಲೆ ಮಂಚ ಹಾಕಿದ್ದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ಕೂರಲು ಬಂದ ಮೇಲೆ ಕುರ್ಚಿ ಹಾಕಿದ್ದು ಈ ಕಿಟಕಿಯ ಬಳಿ. ಒಮ್ಮೆ, ಅವಳು ಮಲಗಿದ್ದಾಳೆಂದುಕೊಂಡು ಅವನು ಸಲಿಕೆ ಹಿಡಿದು ಕಂಬದ ಹತ್ತಿರ ಹೋಗಿದ್ದ. “ಏನು ಹುಡುಕ್ತಿದೀರಿ?” ಎಂದು ಕಿಟಕಿ ಕೇಳಿತ್ತು. “ಏನಿಲ್ಲ, ಕಳೆ” ಎಂದು ಒಳ್ಳೆಯ ಹುಲ್ಲನ್ನೇ ನಾಲ್ಕು ಹಿಡಿ ಕಿತ್ತು ಬಿಸಾಡಿದ್ದ.

ಭಾವಮೈದ ಗುದ್ದಲಿಯನ್ನು ಗೋಡೆಗೊರಗಿಸಿ ಕೈ ಒರೆಸಿಕೊಂಡ. ಅವನಿಗೆ ನಿಜವಾಗಿ ನೋವಾಗಿತ್ತು. ಯಾರೋ ಮನೆ ಖಾಲಿ ಮಾಡುವವರು ಬೇಡವೆಂದ ಕೊಳವನ್ನು ಬಿಚ್ಚಿ, ಕಾಲುಗಳಿಗೆ ಒಂದೊಂದಾಗಿ ನಂಬರು ಬರೆದು, ಶಾಲೆಯ ವ್ಯಾನಿನಲ್ಲಿ ಹೇರಿಕೊಂಡು ತಂದಿದ್ದ. ಕಸರತ್ತು ಹೇಳಿಕೊಡುವ ಡಾಕ್ಟರಮ್ಮ, ನೀರಿನಲ್ಲಿ ನಡೆದರೆ ಮೈಭಾರ ಇಳಿಯುತ್ತದೆ, ಸೊಂಟಕ್ಕೆ ಧೈರ್ಯ ಬರುತ್ತದೆ ಎಂದಿದ್ದರು. ಊರಿನ ಈಜುಕೊಳಕ್ಕೆ ಹೋಗೋಣವೆಂದರೆ ಅಲ್ಲಿ ಹನ್ನೆರಡು ಮೆಟ್ಟಿಲು. ಮೆಟ್ಟಿಲು ಎಂದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. “ನಾಡಿದ್ದು ವ್ಯಾನಿಗೆ ರಜೆ. ನಾನೇ ಬಂದು ಕೆತ್ತಿ ಕೂರಿಸ್ತೀನಿ. ಆವತ್ತು ನೀವು ದಯವಿಟ್ಟು ಮನೇಲಿ ಇರಬೇಡಿ” ಎಂದು ಹೇಳಿ, ಅಕ್ಕನಿಗೆ ಕೈ ಬೀಸಿ ಹೊರಟುಹೋದ. ಹಾಗಾದರೆ ಉಳಿದದ್ದು ನಾಳೆ ಒಂದು ದಿನ. ಮೇಸ್ತ್ರಿ ಮರಳಿನ ರಾಶಿಯ ಕಡೆ ನಡೆದ.

ಮರಳು ಹೊತ್ತು ಸುರಿದ, ಎಳೆದ, ನೀರು ಚಿಮುಕಿಸಿ ದಿಮ್ಮಸಿನಿಂದ ಗುದ್ದಿದ. ಇದನ್ನು ನಾಲ್ಕು ಬೆರಳಿಗೊಂದು ಪದರವಾಗಿ ಹಾಕಿ, ಪ್ರತಿ ಪದರಕ್ಕೂ ಒಂದು ದಿನ ಬಿಡಬೇಕು ಎಂದು ಅವನ ಕೈಗೆ ಗೊತ್ತಿತ್ತು. ಕೈ ಹಿಂಜರಿಯುತ್ತಿತ್ತು, ಅವನು ಕೈಯನ್ನು ಬೈದು ಕೆಲಸಕ್ಕೆ ಹಚ್ಚುತ್ತಿದ್ದ. ಪ್ರತಿ ಏಟಿಗೂ ಮರಳಿನಡಿಯಿಂದ ಟೊಳ್ಳು ಸದ್ದು ಬರುತ್ತಿತ್ತು. ಐದು ಮೆಟ್ಟಿಲು. ಮನೆಯ ಮುಂದಿನ ಐದು ಮೆಟ್ಟಿಲು. ಹತ್ತೊಂಬತ್ತು ವರ್ಷದ ಹಿಂದೆ, ಹಗಲೆಲ್ಲ ಬೇರೆಯವರ ಮನೆ ಕಟ್ಟಿ ಇಳಿಹೊತ್ತಿನ ಬೆಳಕಿನಲ್ಲಿ ತನ್ನ ಮನೆ ಕಟ್ಟಿಕೊಳ್ಳುತ್ತಿದ್ದಾಗ ಹಾಕಿದ್ದು. ಮೂರನೆಯದು ಮಾತ್ರ ಒಂದೂವರೆ ಬೆರಳು ಎತ್ತರವಾಗಿಬಿಟ್ಟಿತ್ತು. ಅವತ್ತು ಯಾರ ಮೇಲೋ ಸಿಟ್ಟಿತ್ತು. ಯಾರ ಮೇಲೆ, ಯಾಕೆ, ಒಂದೂ ಈಗ ನೆನಪಿಲ್ಲ. ಸಿಟ್ಟು ಮಾತ್ರ ಸಿಮೆಂಟಿನಲ್ಲಿ ಗಟ್ಟಿಯಾಗಿ ಉಳಿಯಿತು. ಮನೆಗೆ ಬಂದವರೆಲ್ಲ ಅಲ್ಲಿ ಎಡವುತ್ತಿದ್ದರು. “ನಮ್ಮನೆಗೆ ಯಾರೇ ಬರಲಿ, ತಲೆ ಬಗ್ಗಿಸಿಯೇ ಒಳಗೆ ಬರಬೇಕು” ಎಂದು ಹೆಂಡತಿ ನಗುತ್ತಿದ್ದಳು. ಅವನು ನಾಳೆ ಸರಿಮಾಡುತ್ತೇನೆ ಎನ್ನುತ್ತಿದ್ದ. ನಾಳೆ ಬಾರದ್ದನ್ನು ಕಂಡು ಒಂದು ದಿನ ಅವಳೇ ಹಳದಿ ಬಣ್ಣ ತಂದು ಆ ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲದ ಪಟ್ಟಿ ಬಳಿದಳು. ಆಮೇಲೆ ಮನೆಯವರಿಗೆ ಅದು ಅಭ್ಯಾಸವಾಯಿತು. ಅವಳ ಕಾಲು ಹಳದಿಯ ಹತ್ತಿರ ಬಂದಾಗ ತಾನಾಗಿ ಎತ್ತರ ಏಳುತ್ತಿತ್ತು, ಇಳಿಯುವಾಗ ತಾನಾಗಿ ಆಳ ಇಳಿಯುತ್ತಿತ್ತು. ಕೈಯಲ್ಲಿ ಹೊಲಿದ ಬಟ್ಟೆಯ ಗಂಟು ಗಲ್ಲದವರೆಗೆ ಪೇರಿಸಿಕೊಂಡಿದ್ದರೂ ಅವಳು ಕೆಳಗೆ ನೋಡುತ್ತಿರಲಿಲ್ಲ. ಆ ತಪ್ಪು ಅವಳ ಮೈಯಲ್ಲಿ ಮನೆ ಮಾಡಿಕೊಂಡಿತ್ತು.

ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ದಿಮ್ಮಸು ಎತ್ತಿ ಬಿಡುವಾಗೆಲ್ಲ ಅವನಿಗೆ ಅದೇ ಮಾತು. ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕಟ್ಟಡ ಕಟ್ಟಿಸುವ ಮಾಲೀಕನೊಬ್ಬ ಬಂದ. ಮೂರಂತಸ್ತಿನ ಕಟ್ಟಡದ ಕೆಲಸ ಮಾತಾಡಲು, ಬಿಳಿ ಪ್ಯಾಂಟು ಹಾಕಿಕೊಂಡು, ತಾನೇ ಮನೆ ಹುಡುಕಿಕೊಂಡು ಬಂದ. ಹಳದಿ ಪಟ್ಟಿಯ ಮೇಲೆ ಎಡವಿ ಎರಡು ಕೈಯೂರಿದ. ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡು, ಬಗ್ಗಿ, ಗೇಣು ಹಾಕಿ ಎರಡನೆಯ ಮೆಟ್ಟಿಲು ಅಳೆದ, ಮೂರನೆಯದು ಅಳೆದ. ಮೇಸ್ತ್ರಿ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತು ಅವನು ಅಳೆಯುವುದನ್ನು ನೋಡಿದ. “ನನ್ನ ಕಟ್ಟಡದಲ್ಲಿ ಅರವತ್ತು ಮೆಟ್ಟಿಲಿದೆಯಲ್ಲಪ್ಪಾ” ಎಂದು ನಕ್ಕು, ಆ ಮನುಷ್ಯ ಕೆಲಸದ ಮಾತೆತ್ತದೆ ಚಹಾ ಕುಡಿದು ಹೋದ. ಬೈದಿದ್ದರೆ ಇವನೂ ಎರಡು ಕೊಡುತ್ತಿದ್ದ. ಚಹಾ ಚೆನ್ನಾಗಿದೆ ಎಂದು ಹೇಳಿ ಹೋದವನನ್ನು ಏನು ಮಾಡುವುದು?

ಆ ವಾರವೇ ಹೆಂಡತಿ ಎಂಟು ದಿನಕ್ಕೆಂದು ತನ್ನ ಅಕ್ಕನ ಮನೆಗೆ ಹೋಗಿದ್ದಳು. ಅವನು ಉಳಿ ಸುತ್ತಿಗೆ ತೆಗೆದ. ಒಂದು ಮೆಟ್ಟಿಲು ತಗ್ಗಿಸಿದರೆ ಮೇಲಿನದು ಎತ್ತರವಾಗುತ್ತದೆ. ಅದಕ್ಕೆ ಮೂರನೆಯದನ್ನೂ ಅದರ ಮೇಲಿನದನ್ನೂ ಕೆತ್ತಿ ಇಳಿಸಿದ, ಕೆಳಗಿನ ಎರಡಕ್ಕೆ ಸಿಮೆಂಟು ಬಳಿದು ಏರಿಸಿದ, ಒಂದರ ತಪ್ಪನ್ನು ಎಲ್ಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಹಂಚಿದ. ರಸಮಟ್ಟ ಇಟ್ಟರೆ ಗುಳ್ಳೆ ನಡುಗೆರೆಯ ಮೇಲೆ ಅಲುಗಾಡದೆ ನಿಂತಿತು. ಜೀವನದಲ್ಲಿ ಅಷ್ಟು ಚೆಂದದ ಮೆಟ್ಟಿಲು ಅವನು ಮಾಡಿರಲಿಲ್ಲ. ಹಳದಿ ಬಳಿದ ಅಂಚೂ ಸೇರಿ ಕೆತ್ತಿದ ಚೂರು ಮೂರು ಬುಟ್ಟಿಯಾಯಿತು. ಬೀದಿಗೆ ಸುರಿದು ಬೈಸಿಕೊಳ್ಳುವುದೇಕೆ ಎಂದು ಹಿತ್ತಿಲಿನ ಎತ್ತರದ ಕಡೆ ಗುಂಡಿ ತೋಡಿ ಹಾಕಿದ. ಹಾಕುವಾಗ ಅವು ಬರೀ ಕಲ್ಲು, ಹೆಣವಾದದ್ದು ಆಮೇಲೆ. ಮತ್ತೆ ಡಬ್ಬಿಯ ತಳದಲ್ಲಿ ಉಳಿದಿದ್ದ ಹಳದಿ ಬಣ್ಣ ಕಲಕಿ ಮೂರನೆಯ ಮೆಟ್ಟಿಲಿಗೆ ಮೊದಲಿನಂತೆಯೇ ಪಟ್ಟಿ ಬಳಿದ. ಯಾಕೆ ಬಳಿದೆ? ನಾಲ್ಕು ತಿಂಗಳಿಂದ ಕೇಳಿಕೊಳ್ಳುತ್ತಿದ್ದಾನೆ. ಪಟ್ಟಿ ಇಲ್ಲದಿದ್ದರೆ ಅವಳಿಗೆ ಬಂದ ಕೂಡಲೇ ಗೊತ್ತಾಗುತ್ತಿತ್ತು. “ಅಂತೂ ಒಪ್ಪಿಕೊಂಡ್ರಾ ತಪ್ಪನ್ನ!” ಎಂದು ಊರೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅಷ್ಟೇ. ಆ ನಗುವೊಂದನ್ನು ತಪ್ಪಿಸಿಕೊಳ್ಳಲು ಬಳಿದದ್ದು.

ಅವಳು ಬಂದಾಗ ತಮ್ಮನ ವ್ಯಾನು ಹಿತ್ತಿಲಿನ ಕಡೆ ನಿಂತಿತು, ಹಿಂಬಾಗಿಲಿನಿಂದ ಒಳಗೆ ಬಂದಳು. ಮಾರನೆಯ ಬೆಳಿಗ್ಗೆ ಟೈಲರ್ ಅಂಗಡಿಗೆ ಹೊತ್ತಾಯಿತೆಂದು ಬಟ್ಟೆಯ ಗಂಟು ಎದೆಗವಚಿಕೊಂಡು ಮುಂಬಾಗಿಲಿನಿಂದ ಹೊರಟಳು. ಅವನು ಮುಂಬಾಗಿಲ ಪಕ್ಕದ ಕಿಟಕಿಯ ಹತ್ತಿರ ಹೋಗಿ ನಿಂತ. ನೋಡಲೆಂದೇ ನಿಂತ. ಅವಳ ಕಾಲಿಗೆ ಗೊತ್ತಾಗುತ್ತದೋ ಇಲ್ಲವೋ ನೋಡೋಣ ಎಂದು ನಿಂತ. ಗೊತ್ತಾಗಬಾರದು ಎಂದಿದ್ದವನಿಗೆ, ಗೊತ್ತಾದರೆ ಚೆನ್ನಾಗಿತ್ತು ಎಂಬ ಆಸೆಯೂ ಒಳಗೆಲ್ಲೋ ಇತ್ತು. ಹಳದಿ ಪಟ್ಟಿಯಿಂದ ಅವಳ ಕಾಲು ಹತ್ತೊಂಬತ್ತು ವರ್ಷದ ಆಳಕ್ಕೆ ಇಳಿಯಿತು. ನೆಲ ಅಷ್ಟು ಆಳದಲ್ಲಿರಲಿಲ್ಲ. ನೆಲ ಮೇಲೆದ್ದು ಬಂದು ಹಿಮ್ಮಡಿಗೆ ಹೊಡೆಯಿತು.

“ರೀ, ಒಬ್ಬರೇ ಪೈಪಿನ ಎರಡು ತುದಿ ಹಿಡಿಯೋಕಾಗುತ್ತಾ?”

ಬೆಚ್ಚಿ ತಿರುಗಿದ. ಅವಳು ಕೋಲೂರಿಕೊಂಡು ಹಿಂಬಾಗಿಲಿನ ಹೊರಗೆ ನಿಂತಿದ್ದಳು. ಹಿಂಬಾಗಿಲಿಗೆ ಮೆಟ್ಟಿಲಿರಲಿಲ್ಲ. ಮಟ್ಟದ ಪೈಪು, ನೀರು ತುಂಬಿದ ತಿಳಿ ಕೊಳವೆ, ಅವನ ಕಾಲ ಹತ್ತಿರ ಹಾವಿನಂತೆ ಬಿದ್ದಿತ್ತು. ಒಂದು ತುದಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೋ ಇನ್ನೊಂದು ತುದಿಯಲ್ಲೂ ಅಷ್ಟಕ್ಕೇ ನಿಲ್ಲುತ್ತದೆ. ಅದರ ಮುಂದೆ ಯಾವ ಮೇಸ್ತ್ರಿಯ ಕಣ್ಣೂ ದೊಡ್ಡದಲ್ಲ.

“ಬೇಡ, ನೀನು ಕೂತ್ಕೋ. ನೆಲ ಸರಿ ಇಲ್ಲ.”

“ಕಾಲು ಹೋದ್ರೆ ಕೈ ಇದೆಯಲ್ಲ. ಕೊಡಿ ಇತ್ತ.”

ಅವಳು ಒಂದು ತುದಿ ತೆಗೆದುಕೊಂಡು ನಿಧಾನವಾಗಿ ಎತ್ತರದ ಕಡೆ ನಡೆದಳು. ಕೋಲು, ಬಲಗಾಲು, ಎಡಗಾಲು. ಪ್ರತಿ ಹೆಜ್ಜೆಗೂ ಮುಂಚೆ ನೆಲವನ್ನು ಕೋಲಿನಿಂದ ಎರಡು ಸಲ ತಟ್ಟಿ ಕೇಳುತ್ತಿದ್ದಳು, ಇದ್ದೀಯಾ ಎನ್ನುವ ಹಾಗೆ. ಹೋಗಿ ಹೋಗಿ ಎಳೆ ಹುಲ್ಲಿನ ಮೇಲೆಯೇ ನಿಂತಳು. “ಇನ್ನೂ ಈ ಕಡೆ ಬಾ” ಎಂದ. “ಇಲ್ಲೇ ಗೂಟ ಇದೆಯಲ್ರೀ” ಎಂದಳು. ಹೌದು, ಗೂಟ ಅಲ್ಲೇ ಇತ್ತು, ಅವನೇ ಹೊಡೆದದ್ದು.

“ನೀರು ಅಲ್ಲಾಡ್ತಿದೆ. ನಿಲ್ಲಲಿ ಇರಿ” ಎಂದು ಪೈಪನ್ನು ಕಣ್ಣಿನ ಮಟ್ಟಕ್ಕೆ ಹಿಡಿದಳು. “ನಂಗೊಂದು ಯೋಚನೆ ಬಂದಿದೆ, ಕೇಳ್ತೀರಾ? ನೀರಲ್ಲಿ ನಡೆದು ಅಭ್ಯಾಸ ಆದ್ಮೇಲೆ ಅಂಗಡಿಗೆ ಹೋಗ್ತೀನಿ. ಅಂಗಡಿಯವರು ಬೇರೆಯವಳನ್ನ ಇಟ್ಕೊಂಡಿದಾರೆ. ಇಟ್ಕೊಳ್ಳಲಿ. ಅವಳ ಕಾಲರು ನೋಡಿದ್ದೀನಿ, ನಾಯಿ ಕಿವಿ ಥರ ಜೋತು ಬೀಳುತ್ತೆ.”

“ಹೋಗುವಿಯಂತೆ.”

“ತಲೆ ಒಂದು ಸುತ್ತದಿದ್ರೆ ಸಾಕು. ಕಾಲಿಗೆ ನಾನು ಹೆದರಲ್ಲ. ತಲೆಗೇ ಹೆದರಿಕೆ. ಹೊಲೀತಾ ಇರೋವಾಗ ಸುತ್ತಿದ್ರೆ ಸೂಜಿ ಬೆರಳಿಗೇ.”

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದರು, ಬೀಳುವ ಮೊದಲು ತಲೆ ಸುತ್ತಿತಾ ಎಂದು. ಅವಳು ನೋವಿನಲ್ಲೂ ಸ್ವಲ್ಪ ಹೊತ್ತು ಯೋಚಿಸಿದ್ದಳು. “ಸುತ್ತಿರಬೇಕು. ಹತ್ತೊಂಬತ್ತು ವರ್ಷ ಇಳಿದಿರೋ ಮೆಟ್ಟಿಲು. ಸುಮ್ಮನೆ ಯಾಕೆ ಬೀಳ್ತೀನಿ?” ಮೇಸ್ತ್ರಿ ಅವಳ ಎರಡು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಗೋಡೆಗೊರಗಿ ನಿಂತಿದ್ದ. ಬಾಯಿ ತೆರೆದ. ಅಷ್ಟರಲ್ಲಿ ಡಾಕ್ಟರು ಬರೆದುಕೊಂಡಾಗಿತ್ತು. ಬರೆದದ್ದರ ಮೇಲೆ ಮಾತಾಡಲು ಅವನಿಗೆ ಮೊದಲಿನಿಂದಲೂ ಅಂಜಿಕೆ. ತಲೆಯ ಫೋಟೋ ತೆಗೆಸಿದರು, ಏನೂ ಸಿಗಲಿಲ್ಲ. ಏನೂ ಸಿಗದ್ದಕ್ಕೆ ಅವಳು ಇನ್ನಷ್ಟು ಹೆದರಿದಳು. ಬೆಳಿಗ್ಗೆ ಒಂದು ಸಂಜೆ ಒಂದು ಮಾತ್ರೆ; ಆ ಮಾತ್ರೆ ನುಂಗಿದ ಮೇಲೆ ನಿಜವಾಗಿಯೂ ತೂಗಾಡುತ್ತಿದ್ದಳು. ಹೊಲಿಗೆ ಯಂತ್ರದ ಮೇಲೆ ಹೊದಿಕೆ ಬಿತ್ತು. ಮನೆಯ ಮುಂದಿನ ಮೆಟ್ಟಿಲಿನ ಕಡೆ ಮತ್ತೆ ಅವಳು ಕಾಲಿಡಲಿಲ್ಲ. ಒಂದು ದಿನ ತಡವಾದ ಮಾತು ಎರಡು ದಿನಕ್ಕೆ ಭಾರವಾಗುತ್ತದೆ, ಒಂದು ವಾರಕ್ಕೆ ಎತ್ತಲಾಗದ ಹಾಗಾಗುತ್ತದೆ. ನಾಲ್ಕು ತಿಂಗಳಿಗೆ ಅದು ಹಲ್ಲಿನ ಹಿಂದೆ ಕಟ್ಟಿದ ಗೋಡೆ. ಅವಳಿಗೆ ಮಾತ್ರೆ ಎಣಿಸಿ ಕೊಡುತ್ತಿದ್ದವನು ಅವನೇ. ನೀರಿನ ಲೋಟ ಹಿಡಿಯುತ್ತಿದ್ದವನೂ ಅವನೇ. “ನಿಮಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತ್ರೀ?” ಎಂದು ಅವಳು ಒಂದು ದಿನ ಕೇಳಿದ್ದಳು. ಅವತ್ತು ಅವನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಸುಮ್ಮನೆ ನಿಂತಿದ್ದ.

ಈಗ ಹೇಳಬಹುದು. ನೀನು ನಿಂತಿರುವ ಜಾಗದಲ್ಲಿ ಒಂದು ಗೇಣು ಕೆಳಗೆ ಹಳದಿ ಇದೆ ಎಂದರೆ ಸಾಕು.

“ನಿಂತಿತು” ಎಂದಳು ಅವಳು. “ಗೂಟದ ಗುರುತಿಗೆ ಸರಿಯಾಗಿ ನಿಂತಿತು. ನಿಮ್ಮ ಕಡೆ?”

ಅವನ ಕಡೆ ನೀರು ಗುರುತಿಗಿಂತ ಅರ್ಧ ಬೆರಳು ಮೇಲಿತ್ತು. ದಿಮ್ಮಸು ಹೊಡೆದ ಮರಳು ಆಗಲೇ ಕೂತು, ಗೂಟವನ್ನೂ ಎಳೆದುಕೊಂಡಿತ್ತು.

“ಸರಿಯಾಗಿದೆ” ಎಂದ.

ಮಾರನೆಯ ಬೆಳಿಗ್ಗೆ ಇನ್ನೆರಡು ಬುಟ್ಟಿ ಮರಳು ಹಾಕಿ, ಮಟ್ಟಗೋಲಿನಿಂದ ಸವರಿ, ಭಾವಮೈದನ ನಂಬರುಗಳಂತೆ ಕಾಲುಗಳನ್ನು ಜೋಡಿಸಿ ಹಾಳೆ ಬಿಗಿದ. ಹತ್ತಿ ಇಳಿಯಲು ಮರದ ಮೆಟ್ಟಿಲನ್ನೂ ಮಾಡಿದ್ದ, ಹೊರಗೆ ನಾಲ್ಕು, ಒಳಗೆ ನಾಲ್ಕು, ಎರಡು ಕಡೆಯೂ ಹಿಡಿಯಲು ಕಟಕಟೆ, ಒಂದೊಂದನ್ನೂ ಮೂರು ಮೂರು ಸಲ ಅಳೆದು. ನೀರಿನ ಟ್ಯಾಂಕರಿನವನು ಬಂದು ಗೋಡೆಯ ಮೇಲಿಂದ ಪೈಪು ಇಳಿಬಿಟ್ಟ. ತಗ್ಗಿನ ಕಡೆ ನೋಡಿ, “ಮೇಸ್ತ್ರಿಗಳೇ, ತುಂಬಿದ್ದಾ ಇದು?” ಎಂದ. “ನೀರು ಬಿಡೋನು ನೀರು ಬಿಡು” ಎಂದ ಇವನು. “ಬಿಡ್ತೀನಪ್ಪಾ, ನಂದೇನು ಗಂಟು ಹೋಗುತ್ತೆ” ಎಂದು ಅವನು ಬಿಟ್ಟ. ತಗ್ಗಿನ ಕಡೆ ಹಿತ್ತಿಲು ಮುಗಿಯುವಲ್ಲಿ ಮೊಣಕಾಲೆತ್ತರದ ಒಂದು ಕಟ್ಟೆ, ಅದರ ಕೆಳಗೆ ಆಳೆತ್ತರ ಇಳಿದು ಕೆಳಮನೆಯವರ ಅಡುಗೆಮನೆಯ ಬಾಗಿಲು. ಆ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಒಳಗಿನಿಂದ ಕೂಸೊಂದು ಅಳುವುದು, ತಾಯಿ ರಮಿಸುವುದು ಕೇಳುತ್ತಿತ್ತು.

ಅವಳು ಹಳೆಯ ಉದ್ದಂಗಿ ಹಾಕಿಕೊಂಡು ಬಂದಳು. ಮರದ ಮೆಟ್ಟಿಲಿನ ಮುಂದೆ ನಿಂತು, ಉಸಿರೆಳೆದುಕೊಂಡು, ಅವನ ಹೆಗಲಿನ ಮೇಲೆ ಕೈಯಿಟ್ಟಳು. “ಎಲ್ಲಾ ಒಂದೇ ಎತ್ತರ ತಾನೇ? ನಿಮ್ಮ ಮೂರನೇ ಮೆಟ್ಟಿಲಿನ ಚಾಳಿ ಇಲ್ಲಿಗೂ ತಂದಿಲ್ಲ ತಾನೇ?” ಎಂದು ನಗಲು ನೋಡಿದಳು. ಅವನು ಅವಳನ್ನು ಹತ್ತಿಸಿ, ಒಳಗೆ ಇಳಿಸಿ, ತಾನು ಹೊರಗೆ ನಿಂತ. ನೀರು ಸೊಂಟಕ್ಕೆ ಬಂದಾಗ ಅವಳು ಮಗುವಿನ ಹಾಗೆ ಉಸಿರು ಬಿಟ್ಟಳು. ಒಂದು ಹೆಜ್ಜೆ. ಎರಡು. ಕೋಲಿಲ್ಲದೆ, ಅಂಚು ಹಿಡಿಯದೆ, ಎರಡು ಕೈಗಳನ್ನು ನೀರಿನ ಮೇಲೆ ಚಾಚಿ, ಮೇಜಿನ ಮೇಲೆ ಬಟ್ಟೆ ಹರಡುವಾಗ ಮಾಡುತ್ತಿದ್ದಳಲ್ಲ, ಹಾಗೆ. “ರೀ, ಭಾರವೇ ಇಲ್ಲ!” ಎಂದಳು. ನಾಲ್ಕು ತಿಂಗಳಲ್ಲಿ ಅವಳ ಮುಖದಲ್ಲಿ ಅವನು ಕಾಣದಿದ್ದ ಏನೋ ಒಂದು ಬಂತು. ಈಗ ಹೇಳುವುದೇಕೆ, ಇನ್ನು ಹೇಳುವ ಅಗತ್ಯವೇ ಇಲ್ಲ, ಎಲ್ಲ ಇಲ್ಲಿಗೆ ಮುಗಿಯಿತು ಎಂದು ಅವನ ಎದೆ ಒಂದು ಕ್ಷಣ ಹಗುರಾಯಿತು. ಅಷ್ಟೇ ಹೊತ್ತು.

ಕೊಳದ ಒಳಗೋಡೆಗೆ ಸುತ್ತಲೂ ಬಿಳಿ ಗೆರೆಯೊಂದು ಅಚ್ಚು ಹಾಕಿತ್ತು, ಅಲ್ಲಿಯವರೆಗೆ ನೀರು ತುಂಬಬೇಕೆಂಬ ಗುರುತು. ಅವಳು ನಡುವೆ ನಿಂತು ಆ ಗೆರೆಯನ್ನು ನೋಡುತ್ತಿದ್ದಳು. ಆ ಕಡೆ ತಿರುಗಿ ನೋಡಿದಳು. ಮತ್ತೆ ಈ ಕಡೆ. ಚಾಚಿದ್ದ ಕೈಗಳು ಮೆಲ್ಲಗೆ ಒಳಗೆ ಬಂದವು.

“ರೀ.”

“ಹ್ಞಾಂ?”

“ನೀರು ಓರೆ ಕಾಣ್ತಿದೆ.”

ಅವನಿಗೂ ಕಾಣುತ್ತಿತ್ತು. ತಗ್ಗಿನ ಕಡೆ ನೀರು ಗೆರೆಯನ್ನು ನುಂಗಿ ಮೇಲೆ ಹೋಗಿತ್ತು. ಎತ್ತರದ ಕಡೆ ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು. ಊರಿಗೆಲ್ಲ ಮಟ್ಟ ಹಿಡಿದವನ ಹಿತ್ತಿಲು ಅಷ್ಟಗಲದ ನೀರಿನಲ್ಲಿ ಬರೆದಿಟ್ಟ ಹಾಗೆ ಕಾಣುತ್ತಿತ್ತು.

“ಏನೂ ಇಲ್ಲ. ಮಟ್ಟವಾಗೇ ಇದೆ. ಸ್ವಲ್ಪ ಕಣ್ಣು ಮುಚ್ಕೋ” ಎಂದ. ತನ್ನ ಬಾಯಿಂದ ಆ ಮಾತು ಹೊರಬಿದ್ದದ್ದನ್ನು ಅವನು ಬೇರೆಯವರ ಮಾತು ಕೇಳಿದಂತೆ ಕೇಳಿದ.

ಅವಳು ಕಣ್ಣು ಮುಚ್ಚಿದಳು. ತೆರೆದಳು. “ಇಲ್ಲ. ಓರೆಯಾಗೇ ಇದೆ. ಮತ್ತೆ ಶುರುವಾಯ್ತು.” ಅವಳು ಕೈಗಳನ್ನು ಎದೆಗವಚಿಕೊಂಡಳು. “ಮಾತ್ರೆ ತಗೊಂಡಿದೀನಿ, ಆದ್ರೂ ಬಂತು. ನಂಗೆ ಗೊತ್ತಿತ್ತು ರೀ. ಕಾಲಲ್ಲ, ತಲೇಲೇ ಏನೋ ಆಗಿದೆ, ಡಾಕ್ಟರು ಮುಚ್ಚಿಡ್ತಿದಾರೆ. ಆ ಯಂತ್ರ ಯಾರಿಗಾದ್ರೂ ಕೊಟ್ಬಿಡಿ. ನನ್ನ ಕಣ್ಣೆದುರು ಇಡಬೇಡಿ. ಕೈ ಕೊಡಿ, ಬೀಳ್ತೀನಿ ನಾನು.”

ಅವಳು ಬೀಳುತ್ತಿರಲಿಲ್ಲ. ನೆಟ್ಟಗೆ, ಗೋಡೆಯ ಹಾಗೆ ನೆಟ್ಟಗೆ ನಿಂತಿದ್ದಳು. ಅವಳು ಅಷ್ಟು ನೆಟ್ಟಗೆ ನಿಂತದ್ದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ.

“ನಿನ್ನ ತಲೆ ಸರಿಯಾಗಿದೆ” ಎಂದ. ದನಿ ಒರಟಾಗಿ, ಬೈಯುವ ಹಾಗೆ ಬಂತು. ಅವನಿಗೆ ಬೇರೆ ದನಿ ಇರಲಿಲ್ಲ. “ಕೊಳ ಓರೆ. ತಳ ಕುಸಿದಿದೆ. ಅವತ್ತೂ ಸುತ್ತಿರಲಿಲ್ಲ ನಿಂಗೆ.”

“ಯಾವತ್ತು?”

“ಬಿದ್ಯಲ್ಲ, ಅವತ್ತು. ಮೂರನೇ ಮೆಟ್ಟಿಲು ಇಳಿಸಿದ್ದೆ. ನೀನು ಅಕ್ಕನ ಮನೇಲಿದ್ದಾಗ. ಎಲ್ಲಾ ಒಂದೇ ಸಮ ಮಾಡಿದ್ದೆ.”

ನೀರು ಅಲ್ಲಾಡುವುದನ್ನು ನಿಲ್ಲಿಸಿತ್ತು. ಕೆಳಮನೆಯ ಕೂಸು ನಗುತ್ತಿತ್ತು, ಯಾರೋ ಅದಕ್ಕೆ ಕಚಗುಳಿಯಿಡುತ್ತಿದ್ದರು. ಅವಳು ಕೂಗುತ್ತಾಳೆಂದು ಅವನು ಕಾದ. ಅವಳು ಕೂಗಲಿಲ್ಲ, ಕೇಳಿದಳು.

“ಹಳದಿ ಪಟ್ಟಿ ಇತ್ತಲ್ರೀ.”

“ನಾನೇ ಬಳಿದೆ.”

“ಹಳೇ ಜಾಗದಲ್ಲೇ?”

“ಹಳೇ ಜಾಗದಲ್ಲೇ.”

“ಯಾಕೆ?”

“ನೀನು ನಗ್ತೀಯಾ ಅಂತ” ಎಂದ.

ಅವಳು ತಲೆಯಾಡಿಸಿದಳು. ಅಂಗಡಿಯಲ್ಲಿ ಯಾರೋ ಅಳತೆ ಹೇಳಿದಾಗ, ಸರಿ, ಬರೆದುಕೊಂಡೆ ಎನ್ನುವ ಹಾಗೆ. “ಮಾತ್ರೆ ನೀವೇ ಕೊಡ್ತಿದ್ರಿ” ಎಂದು ನಿಧಾನವಾಗಿ ಅಂದಳು. ಅದು ಪ್ರಶ್ನೆಯೂ ಆಗಿರಲಿಲ್ಲ, ಬೈಗಳೂ ಆಗಿರಲಿಲ್ಲ. ಆಮೇಲೆ ಅವನು ಚಾಚಿದ ಕೈಯನ್ನು ಬಿಟ್ಟು ಮರದ ಕಟಕಟೆ ಹಿಡಿದು ತಾನೇ ಹತ್ತಿದಳು. ಒಂದು, ಎರಡು, ಮೂರು, ನಾಲ್ಕು. ಹೊರಗೆ ಇಳಿಯುವಾಗ ಕಾಲನ್ನು ತಡವರಿಸಲಿಲ್ಲ, ಕೆಳಗೆ ನೋಡಲಿಲ್ಲ. ಅವಳು ನೀರಿನಿಂದ ಎದ್ದ ರಭಸಕ್ಕೆ ನೀರು ತೊನೆದು ತಗ್ಗಿನ ಕಡೆ ಹೋಗಿ ಬಡಿಯಿತು. ಬಡಿದ ಕಡೆ ಮರಳು ಉಸ್ಸೆಂದಿತು.

ಆ ಸದ್ದು ಅವನಿಗೆ ಗೊತ್ತು. ಓಡಿದ. ಎರಡು ಕಾಲುಗಳು ಮರಳಿನಲ್ಲಿ ಹೂತು ಹೊರಕ್ಕೆ ವಾಲುತ್ತಿದ್ದವು, ನೀಲಿ ಹಾಳೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಅದರ ಎದುರಿಗೆ ಕಟ್ಟೆ, ಕಟ್ಟೆಯ ಕೆಳಗೆ ತೆರೆದ ಬಾಗಿಲು, ಬಾಗಿಲಿನೊಳಗೆ ನಗುವ ಕೂಸು. ಅವನು ತಿರುಗಿ ಬೆನ್ನು ಕೊಟ್ಟ, ಎರಡು ಪಾದ ಕಟ್ಟೆಗೆ ಊರಿ ನಿಂತ. ಊರಿನ ನೀರೆಲ್ಲ ಅವನ ಬೆನ್ನಿಗೆ ಬಂದು ಕೂತಂತಾಯಿತು. “ಕೆಳಗಿನೋರೇ! ಬಾಗಿಲು ಹಾಕ್ಕೊಳ್ಳಿ! ಮಗುನ ಎತ್ಕೊಳ್ಳಿ!” ಎಂದು ಕಿರುಚಿದ. ನೀರಿನ ಸದ್ದಿನಲ್ಲೋ ಕೂಸಿನ ನಗುವಿನಲ್ಲೋ ಅದು ಯಾರಿಗೂ ಕೇಳಿಸಲಿಲ್ಲ. “ಲೇ, ಅಲ್ಲೊಂದು ಮರದ ತುಂಡಿದೆ, ಇತ್ತ ಕೊಡು! ಇದು ಹೋಗುತ್ತೆ!”

ಅವಳು ಕಂಬದ ಹತ್ತಿರ, ಎಳೆ ಹುಲ್ಲಿನ ಮೇಲೆ, ಒದ್ದೆ ಅಂಗಿಯಿಂದ ನೀರು ಸೋರುತ್ತ ನಿಂತಿದ್ದಳು. ಅವನನ್ನು ನೋಡಿದಳು, ಉಬ್ಬಿದ ಹಾಳೆಯನ್ನು ನೋಡಿದಳು. ಬಂದು ಮರದ ತುಂಡನ್ನು ಎತ್ತಿ ಅವನ ಕೈಗೆಟಕುವಷ್ಟು ಹತ್ತಿರ ಎಸೆದಳು. “ಕೆಳಮನೆಯವರಿಗೆ ನಾನು ಹೇಳ್ತೀನಿ” ಎಂದಳು. ಆಮೇಲೆ ಕೋಲು ತೆಗೆದುಕೊಂಡು ಒಳಗೆ ಹೋದಳು.

ಮರದ ತುಂಡನ್ನು ಎತ್ತಲು ಬಗ್ಗಬೇಕಿತ್ತು. ಬಗ್ಗಿದರೆ ಬೆನ್ನು ಸರಿಯುತ್ತದೆ. ಹಾಗೇ ನಿಂತ. ಮನೆಯೊಳಗೆ ಕೋಲಿನ ಸದ್ದು ಅಡುಗೆಮನೆ ದಾಟಿತು, ನಡುಮನೆ ದಾಟಿತು. ಹೊಲಿಗೆ ಯಂತ್ರದ ಹೊದಿಕೆ ಸರ್ರೆಂದು ಎಳೆದದ್ದು ಕೇಳಿಸಿತು. ಅಥವಾ ಅದು ಅವನ ಬೆನ್ನ ಹಿಂದಿನ ಹಾಳೆಯ ಸದ್ದೋ. ಮುಂಬಾಗಿಲಿನ ಅಗುಳಿ ಸರಿಯಿತು. ಅವನು ಕೂಗಬೇಕೆಂದುಕೊಂಡ. ಉಸಿರೆಲ್ಲ ಬೆನ್ನಿನಲ್ಲಿತ್ತು.

ಅವಳು ಬಾಗಿಲಲ್ಲಿ ನಿಂತಳೆಂದು ಕಾಣುತ್ತದೆ. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಕೋಲು ಮೊದಲ ಮೆಟ್ಟಿಲಿಗೆ ಬಿತ್ತು. ಟಕ್. ಅವನು ಎಣಿಸಿದ. ಟಕ್. ಮುಂದಿನದು ಹಳದಿ. ಅಲ್ಲಿ ತಡೆದಳು. ಟಕ್. ಟಕ್. ಟಕ್. ಐದೂ ಒಂದೇ ಎತ್ತರ, ಒಂದೇ ಸದ್ದು, ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಎಷ್ಟು ಚೆಂದ ಬಂದಿದೆ ಎಂದು ಅವನ ಒಳಗಿನ ಮೇಸ್ತ್ರಿ ಅಂದುಕೊಂಡುಬಿಟ್ಟ. ಅಂದುಕೊಂಡದ್ದು ತಿಳಿದು ಅವನ ಕಿವಿ ಸುಟ್ಟುಹೋಯಿತು.

ಕೆಳಮನೆಯ ಬೀದಿಬಾಗಿಲಲ್ಲಿ ಅವಳ ದನಿ ಕೇಳಿಸಿತು, ಎರಡೇ ಮಾತು. ಕೂಸು ನಗು ನಿಲ್ಲಿಸಿತು, ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಕೋಲಿನ ಸದ್ದು ಬೀದಿಯ ಕಡೆ ಹೋಯಿತು. ಅಂಗಡಿ ಇದ್ದದ್ದು ಬಲಕ್ಕೆ, ಬಸ್ಸು ನಿಲ್ಲುವುದು ಎಡಕ್ಕೆ. ಯಾವ ಕಡೆ ತಿರುಗಿದಳೋ ಇಲ್ಲಿಂದ ತಿಳಿಯಲಿಲ್ಲ. ಇನ್ನು ಬೆನ್ನು ತೆಗೆಯಬಹುದಿತ್ತು, ಕೆಳಗೆ ಯಾರೂ ಇರಲಿಲ್ಲ. ಅವನು ತೆಗೆಯಲಿಲ್ಲ. ಮುಂದಿನ ಮೆಟ್ಟಿಲಿನ ಕಡೆ ಕಿವಿಯಿಟ್ಟು, ಹಾಳೆಯ ಅಂಚಿನಿಂದ ತಣ್ಣನೆಯ ನೀರು ಕತ್ತಿನ ಮೇಲೆ ಸಣ್ಣಗೆ ಇಳಿಯುತ್ತಿರಲು, ಹಾಗೇ ನಿಂತಿದ್ದ. ಮಾರನೆಯ ದಿನ ಭಾವಮೈದ ಕೆತ್ತಲೆಂದು ಗುದ್ದಲಿ ಹಿಡಿದು ಬಂದಾಗ ಕೊಳ ಕುಸಿದು ಹಿತ್ತಿಲೆಲ್ಲ ಕೆಸರಾಗಿತ್ತು. ಮೇಸ್ತ್ರಿ ಕಟ್ಟೆಯ ಮೇಲೆ ಕೂತಿದ್ದ. ಮನೆಯಲ್ಲಿ ಅಕ್ಕ ಇರಲಿಲ್ಲ.